ಮೂವತ್ತು ಕಿಲೋ

ಶಾರ್ಜಾ, ರೋಲಾದ ಹಿಂದಿನ ಗಲ್ಲಿ, ನಾಲ್ಕನೇ ಮಹಡಿ.
ಇಜ್ಜಬ್ಬಾಕ ಪೆಟ್ಟಿಗೆ ಕಟ್ಟುತ್ತಿದ್ದಾರೆ:
ಎರಡು ಕಂಬಳಿ, ಹಾಲಿನ ಪುಡಿ, ಅತ್ತರು,
ಅಳಿಯನಾಗುವವನಿಗೆ ಗಡಿಯಾರ.
ಸುತ್ತಿ, ಸುತ್ತಿದ್ದನ್ನು ಮತ್ತೆ ಸುತ್ತಿ
ಮೊಣಕಾಲಲ್ಲಿ ಅದುಮಿ.

"ನಿನ್ನ ಲ್ಯಾಬಲ್ಲಿ ಇಡೀ ದಿನ ಎಂತ ನೋಡುವುದು ಮಾರಾಯ?"
"ಇದನ್ನೇ" ಎಂದೆ.
ಎರಡು ಮೀಟರ್ ನೂಲು, ಕಣ್ಣಿಗೆ ಕಾಣದ ಕೋಣೆ.
ಪ್ರೊಟೀನಿನ ಉಂಡೆಗೆ ಒಂದೂಮುಕ್ಕಾಲು ಸುತ್ತು,
ಮುಂದಿನ ಉಂಡೆ, ಮತ್ತೆ ಸುತ್ತು.
ಬಿಗಿದಲ್ಲಿ ಓದಲಾಗದು.
ಕಣ್ಣೊಳಗೂ ಇದೆ ಲಿವರಿನ ಪಾಠ, ಮಡಿಚಿಟ್ಟದ್ದು.

"ಹಾಗಾದರೆ ನನ್ನ ಹಿಮ್ಮಡಿಯಲ್ಲಿ ಹೃದಯ ಉಂಟು!"
ನಕ್ಕು, ಟೇಪನ್ನು ಹಲ್ಲಲ್ಲಿ ಕಡಿದರು.
ಉಂಟು. ಯಾರೂ ಬಿಚ್ಚಿಲ್ಲ, ಅಷ್ಟೆ.

ರಾತ್ರಿ ಎರಡಕ್ಕೆ ದೀಪ ಹೊತ್ತಿತು.
ಪಾಸ್‌ಪೋರ್ಟು ಒಳಗೆ.
ವಿಮಾನ ಐದೂವರೆಗೆ.

ನಾನು ಕತ್ತರಿಗೆ ತಡಕಾಡಿದೆ. ಬೇಡ ಎಂದರು.
ಹೊರಗೆ ಬಿಟ್ಟಿದ್ದ ಹಗ್ಗದ ಬಾಲಗಳಲ್ಲಿ
ಒಂದಕ್ಕೆ ನೀಲಿ ಮಾರ್ಕರಿನ ಗುರುತು.
ಅಲ್ಲೇ ಗಂಟು ಸಡಿಲಿಸಿ, ಎರಡೇ ಸುತ್ತು ಜಾರಿಸಿ,
ಮೊಣಕೈವರೆಗೆ ಕೈ ತೂರಿ, ಕಣ್ಣು ಮುಚ್ಚಿ,
ಗಡಿಯಾರ ದಾಟಿ, ಕಂಬಳಿಯ ಮೂರನೇ ಮಡಿಕೆ,
ತುಟಿಯಲ್ಲೇ ಏನೋ ಎಣಿಸುತ್ತ...

ಒಂಬತ್ತು ವರ್ಷ ಬಣ್ಣ ಹಾಕಿ, ಯಂತ್ರಕ್ಕಿಟ್ಟು
ಹುಡುಕಿದ್ದೇನೆ ಈ ಕೈಯನ್ನು.
ಉಳಿದ ಇಪ್ಪತ್ತೊಂಬತ್ತೂಮುಕ್ಕಾಲು ಕಿಲೋ
ಅಲುಗಲೇ ಇಲ್ಲ.

ಪಾಸ್‌ಪೋರ್ಟು ಜೇಬಿಗೆ. ಹಗ್ಗ ಮತ್ತೆ ಬಿಗಿಗೆ.
ನಾನಿನ್ನೂ ಆ ನೀಲಿ ಗುರುತನ್ನೇ ನೋಡುತ್ತಿದ್ದೆ.
"ಒಂದು ಬದಿ ಹಿಡಿ" ಎಂದರು,
"ಲಿಫ್ಟು ಹಾಳಾಗಿದೆ."