ಹನ್ನೊಂದನೆಯ ಪ್ರಶ್ನೆ

ಕೂಡ್ಲೂರಿನ ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ
ಆ ವಾರ ಸ್ವಾಸ್ಥ್ಯ ಸಪ್ತಾಹ.
ಗೇಟಿಗೆ ಬಲೂನು, ಗೋಡೆಗೆ ನಗುವ ಹೃದಯದ ಚಿತ್ರ,
ಹೊಟ್ಟಿನ ಧೂಳು ಒರೆಸಿದ ಜಾಗದಲ್ಲಿ
ಹೊಸದೊಂದು ತೂಕದ ಯಂತ್ರ.
ಮೂಟೆಗಲ್ಲ, ನಮಗೆ.

ಫಾರಂ ತುಂಬುವ ಕೆಲಸ ನನ್ನದು.
ಅಕ್ಷರ ದುಂಡಗಿದೆಯೆಂದು ಮ್ಯಾನೇಜರು ಉತ್ತಯ್ಯನವರು
ಸ್ಟೋರಿನಿಂದ ಎಬ್ಬಿಸಿ ತಂದು ಕೂರಿಸಿದ್ದರು.
ಇಪ್ಪತ್ತು ಪ್ರಶ್ನೆ, ನಲವತ್ತಮೂರು ಹೆಂಗಸರು,
ಒಂದು ಪೆನ್ನು.

ಕಾಳು ಆರಿಸುವವರು ಅವರು.
ಬೆಲ್ಟು ಹರಿಯುತ್ತದೆ, ಬೆರಳು ಹಾರುತ್ತದೆ,
ಕಪ್ಪು ಈಚೆ, ಕಂದು ಈಚೆ, ಚೂರು ಈಚೆ,
ಒಳ್ಳೆಯದು ತಾನಾಗಿ ಮುಂದಕ್ಕೆ, ಹಡಗಿನ ಕಡೆಗೆ.
ಇವತ್ತು ಡಾಕ್ಟರರ ಮೇಜಿನೆದುರು ಅವರೇ ಸಾಲು;
ಕೆಂಪು ಚೀಟಿ ಈಚೆ, ಹಳದಿ ಈಚೆ, ಹಸಿರು ಮುಂದಕ್ಕೆ.
'ನಾನೀಗ ಕಪ್ಪೋ ಚೂರೋ, ಹೇಳಿ ಸಾರ್'
ಅಂದಳು ಬೀಪಾತು,
ನೂರ ಎಂಬತ್ತು ಬಿ.ಪಿ.ಯ ಕೆಂಪು ಚೀಟಿ ಹಿಡಿದು.
ಸಾಲಿಗೆ ಸಾಲೇ ನಕ್ಕಿತು.
ಡಾಕ್ಟರರು ಮುಂದಿನವಳನ್ನು ಕರೆದರು.

ಎಲ್ಲರ ಮಣಿಕಟ್ಟಿಗೂ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿದ್ದರು.
ಸಂಜೆ ಬಿಚ್ಚಿ ನೋಡಿದರೆ
ಬೆಳಗಿನಿಂದ ಕೂತಲ್ಲೇ ಕೂತ ಮುತ್ತಿಯದು
ಹನ್ನೊಂದು ಸಾವಿರ ಹೆಜ್ಜೆ!
ದಿನವಿಡೀ ಲಾರಿಗೂ ಗೋಡೌನಿಗೂ ನಡೆದ ಸೆಲ್ವನದು,
ತಲೆಯ ಮೇಲಿನ ಮೂಟೆಗೆ ಎರಡೂ ಕೈ ಕೊಟ್ಟವನದು,
ಬರೀ ಒಂಬೈನೂರು.
ಬಹುಮಾನದ ಸ್ಟೀಲು ಬಾಟಲಿ ಮುತ್ತಿಗೇ ಬಂತು.
ಮನೆಗೆ ಒಯ್ದು ಅವರೆಬೀಜ ತುಂಬಿಟ್ಟಳಂತೆ,
ಹುಳ ಹಿಡಿಯುವುದಿಲ್ಲವಲ್ಲ.

ಹನ್ನೊಂದನೆಯ ಪ್ರಶ್ನೆ:
ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀರಿ?
ಒಂದು. ಒಂದು. ಅರ್ಧ.
'ಮಾತ್ರೆ ನುಂಗುವಷ್ಟು.'
'ರಾತ್ರಿ ಮನೆಗೆ ಹೋಗಿ ಕುಡೀತೇನೆ, ಬರೆದುಕೋ.'
ಹೊಳೆ ಪಕ್ಕದಲ್ಲೇ ಹರಿಯುವ ಊರಿನಲ್ಲಿ
ಯಾಕೆ ಹೀಗೆ ಎಂದು ಪೆನ್ನು ನಿಲ್ಲಿಸಿದೆ.
ಪೂವಕ್ಕ ದನಿ ತಗ್ಗಿಸಿದಳು:
'ನಮ್ಮದು ಮೂರನೇ ಗೋಡೌನಿನ ಹಿಂದೆ, ಲಾರಿ ನಿಲ್ಲುವಲ್ಲಿ.
ಬಾಗಿಲಿಗೆ ಚಿಲಕ ಇಲ್ಲ.
ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ಕಾವಲು.
ಇಬ್ಬಿಬ್ಬರು ಎದ್ದರೆ ಬೆಲ್ಟು ಕಾಯ್ತದಾ ಮಗಾ?
ಕುಡಿಯದಿದ್ದರೆ ಹೋಗುವುದೇ ಬೇಡವಲ್ಲ.'

ನಾನು ಆರು ವರ್ಷದಿಂದ
ಆಫೀಸಿನ, ಸೋಪು ಇಟ್ಟ, ಕನ್ನಡಿ ಇರುವ ಕಡೆಗೆ ಹೋಗುವವಳು.

ಇಪ್ಪತ್ತನೆಯದು 'ಇತರೆ ಸಲಹೆ'.
ಅಲ್ಲಿ ಬರೆದೆ: ಚಿಲಕ.
ಮುಂದಿನದರಲ್ಲಿ ಚಿಲಕ. ಅದರ ಮುಂದಿನದರಲ್ಲಿ ಚಿಲಕ.
ನಲವತ್ತಮೂರು ಮುಗಿಯುವಷ್ಟರಲ್ಲಿ
ದುಂಡಗಿನ ಅಕ್ಷರ ಸೊಟ್ಟಗಾಗಿತ್ತು.

ಹದಿನೈದು ದಿನಕ್ಕೆ ವರದಿ ಬಂತು, ಮಿರುಗುವ ಕಾಗದ:
'ಮಹಿಳಾ ಸಿಬ್ಬಂದಿಯಲ್ಲಿ ನೀರಿನ ಮಹತ್ವದ ಬಗ್ಗೆ
ಅರಿವಿನ ಕೊರತೆ.'
ಜೊತೆಗೊಂದು ಪೋಸ್ಟರು, ಎಂಟು ಲೋಟಗಳ ಚಿತ್ರದ್ದು.
ಹೆಂಗಸರ ಕಣ್ಣಿಗೆ ಬೀಳಲೆಂದು ಅಂಟಿಸಿದ್ದು
ಅದೇ ಬಾಗಿಲಿಗೆ.
ಗಾಳಿ ಬೀಸಿದಾಗೆಲ್ಲ ಎಂಟೂ ಲೋಟ
ತೆರೆದುಕೊಳ್ಳುತ್ತಿದ್ದವು, ಮುಚ್ಚಿಕೊಳ್ಳುತ್ತಿದ್ದವು.

ಬೈಯಬಹುದಿತ್ತು ಯಾರನ್ನಾದರೂ.
ಆದರೆ ಮಾರ್ಚಿನ ಲೆಕ್ಕಕ್ಕೆ ಸ್ಟಾಕು ಎಣಿಸುತ್ತ
ನನ್ನದೇ ಲೆಡ್ಜರಿನ ಅರವತ್ತೆರಡನೇ ಪುಟದಲ್ಲಿ,
ನನ್ನದೇ ದುಂಡಗಿನ ಅಕ್ಷರದಲ್ಲಿ ಸಿಕ್ಕಿತು:
ಚಿಲಕ, ಆರು ಇಂಚು, ನಾಲ್ಕು.
ಒಳಬಂದದ್ದು ಮೂರು ವರ್ಷದ ಹಿಂದೆ.
ಹೊರಹೋದದ್ದು: ಇಲ್ಲ.
ಮೊಳೆಯ ಡಬ್ಬಿಯ ಹಿಂದೆ, ಎಣ್ಣೆಕಾಗದದಲ್ಲಿ ಸುತ್ತಿ,
ತುಕ್ಕು ಕೂಡ ಹಿಡಿದಿರಲಿಲ್ಲ.

ಇಂಡೆಂಟು ಬರೆದೆ.
ವಸ್ತು: ಚಿಲಕ. ಸಂಖ್ಯೆ: ಒಂದು.
ಉದ್ದೇಶ: ನೀರು ಕುಡಿಯಲು.

ಉತ್ತಯ್ಯನವರು ಅದನ್ನು ಓದಿದರು,
ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು,
ಏನೂ ಕೇಳದೆ ಸಹಿ ಹಾಕಿದರು.
ಫಿಟ್ಟರ್ ಹಂಝ ಊಟದ ಹೊತ್ತಿಗೆ ಜಡಿದು ಮುಗಿಸಿದ.

ಮುತ್ತಿ ಅವರೆಬೀಜವನ್ನು ಬೇರೆ ಡಬ್ಬಿಗೆ ಸುರಿದಳಂತೆ.
ಬೀಪಾತುವಿನ ಬಿ.ಪಿ. ಇನ್ನೂ ನೂರ ಎಪ್ಪತ್ತು.
ಅದಕ್ಕೆ ಯಾವ ಪುಟದಲ್ಲಿ ಏನಿದೆಯೋ,
ಹುಡುಕುತ್ತಿದ್ದೇನೆ.