ಬನ್ನಿ, ಬನ್ನು

ರಾತ್ರಿಪಾಳಿ ಮುಗಿದ ಮೇಲೂ ನಿದ್ದೆ ಹತ್ತದಿದ್ದರೆ
ಬಸ್ಸು ಹಿಡಿದು ಇಲ್ಲಿಗೆ ಬರುತ್ತೇನೆ.
ಮುಶ್ರಿಫ್. ದುಬೈ ತನ್ನ ಬೆನ್ನ ಹಿಂದೆ ಉಳಿಸಿಕೊಂಡ ಕಾಡು.
ಮರಳಲ್ಲಿ ಮರ, ಮರಗಳ ನಡುವೆ ಡಾಂಬರು,
ಡಾಂಬರಿನ ಮೇಲೆ ಬಿಳಿ ಬಣ್ಣದಲ್ಲಿ
ಒಂದು ಸೈಕಲ್ಲು, ಒಬ್ಬ ಮನುಷ್ಯ.
ಮುಖವಿಲ್ಲ ಅವನಿಗೆ, ಸದಾ ಒಂದು ಕಾಲು ಮುಂದೆ.
ಅವನ ಎದೆ ತುಳಿದೇ ಶುರುಮಾಡಬೇಕು ನಡಿಗೆ.

ಹಿಂದಿನಿಂದ ಟಿಂಗ್.
ಆರು ವರ್ಷವಾದರೂ ಮೈ ಮೊದಲು ಎಡಕ್ಕೇ ಸರಿಯುತ್ತದೆ,
ಇಲ್ಲಿಯ ರೂಢಿ ಬಲ.
ಮಿರಿಮಿರಿ ಚಡ್ಡಿಯ ಎಂಟು ಜನ
ಹುಟ್ಟಿನಿಂದೆದ್ದ ಜೇನಿನ ಹಾಗೆ ಹಾದುಹೋದರು.
ಒಬ್ಬ ಸಾರಿ ಎಂದ, ಉಳಿದವರು ಬರೀ ಗಾಳಿ.
ಆಮೇಲೆ ತಳ್ಳುಗಾಡಿಯಲ್ಲಿ ಯಾರದೋ ಮಗು,
ತಳ್ಳುವವಳ ಫೋನಿನೊಳಗೆ ಅವಳದೇ ಮಗು.
ತಲೆಯ ಮೇಲೆ ವಿಮಾನ, ಹೊಟ್ಟೆಯಿಂದ ಗಾಲಿ ಇಳಿಬಿಟ್ಟು.
ಅದರ ಸದ್ದು ಸತ್ತ ಮೇಲೆ ಗೌಜಲ ಹಕ್ಕಿ
ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯಿತು.

ಇಲ್ಲಿ ಈ ಮರದ ಹೆಸರು ಗಾಫ್.
ಬಹಳ ದಿನ ನಾನೂ ಹಾಗೇ ಕರೆದೆ,
ಬಸಲಿಂಗವ್ವನನ್ನು ಆಸ್ಪತ್ರೆಯವರು
ಸಿಸ್ಟರ್ ಬಾಸಲ್ ಎಂದು ಕರೆಯುವ ಹಾಗೆ.
ಹೋದ ಚಳಿಗಾಲ ಒಂದು ಟೊಂಗೆ ದುಪಟ್ಟಾ ಹಿಡಿದು ಜಗ್ಗಿತು.
ಬಿಡಿಸಿಕೊಳ್ಳಲು ಹೋದರೆ ಆ ಮುಳ್ಳು,
ಗಿಡ್ಡ, ಬುಡ ಅಗಲ.
ನನಗಿಂತ ಮೊದಲು ಬೆರಳಿಗೆ ಗುರುತು ಹತ್ತಿತು.
ಅಯ್ಯ, ಬನ್ನಿ ಗಿಡ!
(ನಮ್ಮ ನರಗುಂದದ ಕಡೆ ಮರಕ್ಕೂ ಗಿಡ ಅಂತೀವಿ,
ಎಷ್ಟೇ ಎತ್ತರ ಬೆಳೆಯಲಿ, ಸಲಿಗೆ ಬಿಡುವುದಿಲ್ಲ.)
ಪಾಂಡವರು ಬಿಲ್ಲು ಬಾಣ ಕಟ್ಟಿಟ್ಟು
ಹೆಸರು ಬದಲಿಸಿಕೊಂಡು
ಪರರ ಮನೆ ಚಾಕರಿಗೆ ಹೋದದ್ದು ಈ ಗಿಡದ ಬುಡದಿಂದ.
ಒಂದೇ ವರ್ಷ, ಅವರದು.

ಇವತ್ತು ದಶಮಿ.
ಎಲೆ ಕೀಳಬಾರದೆಂದು ಫಲಕ.
ಕೈಯನ್ನು ಜೇಬಿಗೆ ಹಾಕಿಕೊಂಡೇ ನಡೆದೆ.
ಮೂರನೇ ಕಿಲೋಮೀಟರಿನ ಕಂಬದ ಹತ್ತಿರ
ಕಿತ್ತಳೆ ಜಾಕೀಟಿನ ಮುದುಕ, ನಕೀಬುಲ್ಲಾ,
ದಾರಿಗೆ ಬಾಗಿದ ಟೊಂಗೆ ಸವರಿ
ಕೈಗಾಡಿಗೆ ತುಂಬುತ್ತಿದ್ದ.
ನಿಂತೆ. ಹುಬ್ಬಳ್ಳಿ ಹಿಂದಿಯಲ್ಲಿ ಹೇಳಿದೆ:
ನಮ್ಮ ಕಡೆ ಇದಕ್ಕೆ ಬನ್ನಿ.
ಮುದುಕನ ಕತ್ತರಿ ಗಾಳಿಯಲ್ಲೇ ನಿಂತಿತು.
ಬನ್ನು?
ಬನ್ನು ನೋಡಿದ್ದೀಯಾ ಮಗಳೇ? ನನ್ನ ಊರು ಬನ್ನು!
ಕುರ್ರಮ್ ಹೊಳೆ, ಅಣ್ಣನ ಗಿರಣಿ,
ಬೇಲಿಯುದ್ದಕ್ಕೂ ಇದೇ ಮರ, ನಾವು ಜಂಡ್ ಅಂತೀವಿ,
ಕಾಯಿ ಪಲ್ಯ ಮಾಡ್ತಾಳೆ ನನ್ನಾಕೆ...
ಒಂದೇ ಉಸಿರಿಗೆ ಇಡೀ ಊರು ಸುರುವಿದ.
ತಿದ್ದಲು ಬಾಯಿ ತೆರೆದೆ.
ಹೂಂ, ಅಂದೆ.
ಹೊಳೆಯಲ್ಲಿ ಈಗ ನೀರಿದೆಯಾ, ಅಂತಲೂ ಕೇಳಿದೆ.

ಗಾಡಿಯಿಂದ ಒಂದು ರೆಂಬೆ ಆರಿಸಿ ಕೊಟ್ಟ,
ಕಸಕ್ಕೆ ಹೋಗುವುದು ತಾನೆ, ತಗೋ.
ನಡುವೆ ಮುರಿದು ಅರ್ಧ ಅವನ ಕೈಗಿಟ್ಟೆ.
ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು,
ಇಷ್ಟನ್ನು ಮಾತ್ರ ಕನ್ನಡದಲ್ಲೇ ಅಂದೆ.
ಅರ್ಥ ಕೇಳಲಿಲ್ಲ. ಆಮೀನ್ ಎಂದು
ಟೋಪಿಗೆ ಸಿಕ್ಕಿಸಿಕೊಂಡ.
ಟಿಂಗ್. ಇಬ್ಬರೂ ಸರಿದೆವು,
ಇಬ್ಬರೂ ಎಡಕ್ಕೆ.

ರಾತ್ರಿ, ರಕ್ತನಿಧಿಯ ಮೂರನೇ ಕುರ್ಚಿ.
ಬಾಟಲಿಯ ಚೀಟಿ ಬರೆಯಲು ಪೆನ್ನಿಗೆಂದು ಜೇಬಿಗೆ ಕೈಹಾಕಿದೆ.
ಕಟಕ್ ಎಂದು ಕುಕ್ಕಿತು.
ದಿನಕ್ಕೆ ನಲವತ್ತು ಜನರಿಗೆ ಸ್ವಲ್ಪವೇ ನೋವು ಅನ್ನುವವಳು
ಅಯ್ಯವ್ವ ಎಂದೆ.
ಕುರ್ಚಿಯಲ್ಲಿದ್ದ ಅಪರಿಚಿತ ತೋಳು ಮಡಚಿಕೊಂಡೇ
ನನ್ನ ಹತ್ತಿಯನ್ನು ನನಗೇ ಚಾಚಿದ.