ಮೂರನೇ ಗೇರಿನಾಗ

ಉಸ್ತಾದ್ ಮೌಲಾಲಿ ಬಾನೆಟ್ ಎತ್ತಿ
ಟಾರ್ಚ್ ಬಾಯಾಗ ಕಚ್ಚಿ ಒಳಗ ಇಣಕ್ಯಾನ,
ನಮ್ಮ ದವಾಖಾನ್ಯಾಗ ಡಾಕ್ಟರು ಗಂಟಲಾ ನೋಡ್ದಂಗ.
"ಸಿಸ್ಟರ್ ಬಾಯಿ, ಇದಕ ಜಡ್ಡಿಲ್ರಿ.
ವಯಸ್ಸು."

ಇಪ್ಪತ್ತು ವರ್ಷದ ಝೆನ್. ಬಣ್ಣ ಒಂದು ಕಾಲಕ್ಕ ಬೆಳ್ಳಿ.
ನೌಬಾದಿನಿಂದ ಹಳ್ಳಿಖೇಡಕ್ಕ ಹೋಗಿ ಬರೂದು
ಅದರ ನೌಕರಿ, ನಂದೂ.
ಏರು ಬಂತಂದ್ರ ತೊಗರಿ ಚೀಲದ ಲಾರಿ ಹಿಂದ ಕೂತು
ಇಬ್ರೂ ಹೊಗಿ ಕುಡೀತೀವಿ.
ಬಾಜೂಕ ಒಂದೇ ಗಾಡಿ ಮ್ಯಾಲ ಮೂವರು ದಾಟ್ತಾರ,
ನಡುವಿನಾಂವ ತಿರುಗಿ ನೋಡಿ ನಗ್ತಾನ.

ಆ ನಗಿ ನಂಗ ಸಾಕಾಗ್ಯಾದ.
ನಲವತ್ತಾರು ನಂಗ. ಜೋರ್ ಹೋಗಬೇಕು ಅನಸ್ತದ.
ಯಾಕಂತ ಕೇಳಬ್ಯಾಡ್ರಿ.
ನೆತ್ತಿ ಮ್ಯಾಲ ದಿನಾ ವಿಮಾನ ಕಲಿಯೋ ಹುಡುಗ್ರು
ಆಕಾಶ ಹರಕೊಂತ ಹೋಗ್ತಾರ,
ಅವ್ರಿಗಿ ಯಾರೂ ಕೇಳಂಗಿಲ್ಲ.

ಮೌಲಾಲಿ ಶೆಡ್ಡಿನ ಮೂಲ್ಯಾಗ ತಾಡಪತ್ರಿ ಸರಿಸಿ ತೋರಿಸ್ದ:
ಎಸ್ಟೀಮಿನ ಇಂಜಿನ್.
ಹುಮನಾಬಾದ್ ಹಾದ್ಯಾಗ ಉರುಳಿದ ಗಾಡೀದು.
ಮೈ ಹೋಯ್ತು, ದಿಲ್ ಉಳೀತು.
"ಕೂಡ್ತದ್ರಿ. ಅಳತಿ ಹಿಡದೀನಿ."
ಆಮ್ಯಾಲ ಬೆರಳು ಮಡಚಲಾಕ ಹತ್ತಿದ:
ಇಂಜಿನ್ ಹಾಕಿದ್ರ ಗೇರ್‌ಬಾಕ್ಸ್,
ಗೇರ್‌ಬಾಕ್ಸ್ ಹಾಕಿದ್ರ ಆಕ್ಸಲ್, ರೇಡಿಯೇಟರ್,
ಓಡೂದು ಕಲಿತಂದ್ರ ನಿಲ್ಲೂದೂ ಕಲಿಬೇಕು, ಬ್ರೇಕು,
ಆರ್‌ಟಿಓ ದಫ್ತರದಾಗ ಹೊಸ ನಂಬರ್ ಬರಸೂದು...
ತನ್ನ ಹತ್ತೂ ಬೆರಳು ಮುಗದು
ಬಾಜೂಕಿದ್ದ ಮಗನ ಕೈ ಎಳಕೊಂಡ.

ವೈಜಿನಾಥ ರೊಟ್ಟಿ ಮುರಕೊಂತ ಅಂದ:
"ಮುದುಕಿಗಿ ಹರೇದ ಗುಂಡಿಗಿ ಹಾಕೂದು ಯಾವ ಶಾಣ್ಯಾತನ?
ಇನ್ನೊಂದೀಟು ರೊಕ್ಕ ಕೂಡಿಸಿದ್ರ
ಜಹೀರಾಬಾದಿನಾಗ ಪೋಲೋ ಅದ. ಕೆಂಪಂದು."
ಮುದುಕಿ ಅಂದಾಗ ಅಂವ ಝೆನ್ ಕಡೀನೇ ನೋಡ್ತಿದ್ದ.
ಹಂಗಂತ ನಾ ನಂಬೀನಿ.

ರವಿವಾರ ಹೋದೆವು.
ನರಸಿಂಲು ಅಂತ, ಮೂವತ್ತರ ಹುಡುಗ.
ಅರ್ಧ ತೆಲುಗು, ಅರ್ಧ ಕನ್ನಡ, ರೇಟಿನ ಮಾತು ಉರ್ದು.
ಬಾಗಲದಾಗ ಹೇಣ್ತಿ ನಡಾ ಹಿಡಕೊಂಡು ನಿಂತಾಳ;
ನನ್ನ ಕಣ್ಣು ತಾನೇ ಎಣಿಸ್ತು: ಏಳನೇ ತಿಂಗಳು.
"ಸೀಟು ಭಾಳ ತಗ್ಗ್ರಿ. ಕೂತ್ರ ಆಕಿಗಿ ಏಳ್ಲಾಕ ಆಗವಲ್ದು."

ಮೊದಲ ತಾ ಓಡಿಸಿ ತೋರಿಸ್ತೀನಂದ.
ಗೇರ್ ಹುಡುಕಲಿಲ್ಲ ಅವನ ಕೈ,
ಗೇರೇ ಕೈಗಿ ಬಂದು ಕೂತಂಗ.
ಬೇವಿನ ಗಿಡಗಳೆಲ್ಲ ಒಂದೇ ಹಸುರು ಗೆರಿ ಆದ್ವು.
ಬಾಜೂಕ ನಾ ಕೂತೀನಿ ಅನ್ನೂದೇ ಮರತಿದ್ದ.
ನಿಲ್ಲಿಸಿ, ಹೆಬ್ಬೆರಳಿಂದ ಸ್ಟೇರಿಂಗಿಗಿ
ಎರಡು ಸಲ ಮೆತ್ತಗ ತಟ್ಟಿದ.

ಆಮ್ಯಾಲ ನಾ ಓಡಿಸ್ದೆ.
ನೂರರಾಗ ಹೋದ್ರೂ ತೊಡಿ ಮ್ಯಾಲಿನ ಚಾ ತುಳುಕಂಗಿಲ್ಲ, ಖರೆ.
ಆದ್ರ ಸೀಟಿನಾಗ ಅವನ ಬೆನ್ನಿನ ತಗ್ಗು,
ಕನ್ನಡ್ಯಾಗ ಅವನ ಎತ್ತರ,
ಗೇರಿನ ಗುಂಡು ಅವನ ಅಂಗೈ ಕಡೀಗಷ್ಟೇ ಸವದದ.
ಗಾಡಿ ಅಲ್ಲ,
ಅದರಾಗ ನಾನೇ ಸೆಕೆಂಡ್ ಹ್ಯಾಂಡ್.
ಹಿಂದಿನ ಸೀಟಿನಾಗ ವೈಜಿನಾಥ ಫೋನಿನಾಗ
ನಮ್ಮ ರಾಜ್ಯದ ಟ್ಯಾಕ್ಸ್ ಎಷ್ಟಾಗ್ತದ ನೋಡಿ
"ಅಬಬಬ" ಅಂದ. ಮಾತು ಅಲ್ಲಿಗಿ ಮುಗೀತು.

ಸೋಮವಾರ ಶೆಡ್ಡಿಗಿ ಹೋದ್ರ
ಮೂಲ್ಯಾಗ ಬರೇ ತಾಡಪತ್ರಿ.
"ಭಾಲ್ಕಿಯಾಂವ ಒಯ್ದ್ರಿ, ಕಬ್ಬಿನಹಾಲಿನ ಗಾಣಕ್ಕ."
ನಾ ನಕ್ಕೆ.
ಒಂದು ಗಿಲಾಸಿಗಿ ಎಷ್ಟು ಜೋರು ತುಂಬತದೋ ಏನೋ.

ಪ್ಲಗ್ ಬದಲಿ ಮಾಡ್ದ. ಏರ್ ಫಿಲ್ಟರ್ ಬಿಚ್ಚಿದ,
ಒಳಗಿಂದ ಇಲಿ ಗೂಡು ಬಂತು:
ತೊಗರಿ ಹೊಟ್ಟು, ಬತ್ತಿ ಆಗಿದ್ದ ಹತ್ತಿ, ನನ್ನ ಮಾಸ್ಕಿನ ದಾರ.
"ಇಷ್ಟ ದಿನ ಉಸುರಾಟಕ್ಕೇ ತ್ರಾಸಿತ್ರಿ ಇದಕ."
ಎಂಟು ನೂರಾ ಐವತ್ತು.

ಮರದಿನ ಅದೇ ಏರು, ಅಂಥಾದೇ ಲಾರಿ.
ಡ್ರೈವರ್ ಕೈ ಹೊರಗ ಹಾಕಿ, ಹೋಗು ಅಂತ ಬೀಸಿದ.
ಮೂರನೇ ಗೇರಿನಾಗ
ಬಾಗಲಾ ನಡುಗ್ತು, ಲಸಿ ಡಬ್ಬಿ ಸರದು ಗುದ್ದಿತು,
ಮುಳ್ಳು ಅರವತ್ತೆರಡು.
ದಾಟಿದೆವು.
ಕನ್ನಡ್ಯಾಗ ಲಾರಿ ಸಣ್ಣದಾಯ್ತು,
ಅದರ ಹಿಂದ ಆ ಮೂವರೂ,
ನಡುವಿನಾಂವ ಕಾಣಲಿಲ್ಲ.

ಮುಂದಿನ ಏರಿನಾಗ ಅವ್ರು ಮತ್ತ ದಾಟಿದ್ರು,
ಆ ಮಾತು ಬ್ಯಾರೆ.